ಕ್ಲೌಸ್‌ನ ಬಾಯಲ್ಲಿ ನನ್ನ ದನಿ

೧೪ ಮೇ ೧೯೭೮, ನಂಜನಗೂಡು. ಬೆಳಿಗ್ಗೆ

ಕಾಫಿ ಆಯಿತು. ಟೇಪ್ ರೆಕಾರ್ಡರಿಗೆ ಹೊಸ ಸೆಲ್ ಹಾಕಿದೆ. ಅಣ್ಣನ ಮನೆಗೆ ರಜಕ್ಕೆ ಬಂದರೂ ಕ್ಲಾಸಿನದೇ ಧ್ಯಾನ. ಕ್ಲೌಸ್ ನಿನ್ನೆ ಬಂದಿಳಿದ. ಜರ್ಮನಿಯಲ್ಲಿ ನನ್ನ ಹತ್ತಿರ ಮೂರು ವರ್ಷ ಕನ್ನಡ ಕಲಿತವನು. ದನದ ಡಾಕ್ಟರು. ಇನ್ನು ಮುಂದೆ ಇಲ್ಲೇ ಹತ್ತಿರದ ಕವಲಂದೆ ಹಳ್ಳಿಯಲ್ಲಿ ಕೆಲಸ. ಭಾಷಾ ಲ್ಯಾಬಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ನನ್ನ ಟೇಪಿನ ಹಿಂದೆಯೇ ಹೇಳಿ ಹೇಳಿ ಕಲಿತ ಕನ್ನಡ ಇವತ್ತು ಮೊದಲ ಸಲ ಊರಿನವರ ಮುಂದೆ. ಎದೆ ಡವಡವ!

ಸಂಜೆ

ನಕ್ಕು ನಕ್ಕು ಸಾಕಾಯಿತು. ಆಮೇಲೆ ಅಳುವೇ ಬಂತು.

ಅಣ್ಣನ ಮನೆಯ ಹಿಂದಿನ ಬೀದಿ, ರೈತ ಬೆಟ್ಟಯ್ಯನ ಕೊಟ್ಟಿಗೆ. ಆರಡಿ ಆಳು ಕ್ಲೌಸ್ ಕೈಮುಗಿದು, “ಅಯ್ಯೋ ರಾಮ, ನಿಂತೇ ಇದೀರಲ್ರೀ! ಕಾಫಿ ಆಯ್ತಾ?” ಅಂದ. ನನ್ನದೇ ರಾಗ, ನನ್ನದೇ ಎಳೆತ.

ಬೆಟ್ಟಯ್ಯ ಟವೆಲಿನಿಂದ ಬಾಯಿ ಮುಚ್ಚಿಕೊಂಡ. “ಇದೇನಮ್ಮಾವ್ರೆ, ಡಾಕ್ಟ್ರು ನಿಮ್ಮಂಗೇ ಮಾತಾಡ್ತಾರಲ್ಲ!” ಮತ್ತೆ ಅವನ ಕಡೆ ತಿರುಗಿ, “ಅಸ ಉಲ್ಲೇ ಮುಟ್ತಾ ಇಲ್ಲ ಸಾ.”

ಕ್ಲೌಸ್ ನನ್ನ ಮುಖ ನೋಡಿದ. “ಟೀಚರ್, ಅಸ ಅಂದ್ರೇನು? ಉಲ್ಲು ಅಂದ್ರೇನು?”

ಹಸು, ಹುಲ್ಲು! ಮೊದಲನೇ ಪಾಠದ ಪದಗಳು!

ಟೇಪಿನಲ್ಲಿ ಗಂಡಸು, ಹೆಂಗಸು, ಅಂಗಡಿಯವನು — ಎಲ್ಲ ನಾನೇ. ಜರ್ಮನಿಯ ಆ ಊರಿನಲ್ಲಿ ಕನ್ನಡದವಳು ನಾನೊಬ್ಬಳೇ... ಹಳ್ಳಿಯವರ ಮಾತು ತಿಳಿಯದಿದ್ದರೆ ಕ್ಲೌಸ್‌ನನ್ನು ಬೆಂಗಳೂರಿನ ಆಫೀಸಿಗೆ ಹಾಕುತ್ತಾರಂತೆ. ಪಾಪ, ಮುಖ ಸಪ್ಪಗೆ.

೧೫ ಮೇ

ಹೊಳೆದುಬಿಟ್ಟಿತು! ಊರಿನವರ ದನಿಯನ್ನೇ ಟೇಪಿಗೆ ಹಿಡಿಯುವುದು. ಇವನಿಗೂ ಆಯಿತು, ಅಲ್ಲಿಯ ಕ್ಲಾಸಿಗೂ ಆಯಿತು.

ಅಣ್ಣ ಸೀತಾರಾಮ ಹೈಸ್ಕೂಲಿನ ಕನ್ನಡ ಪಂಡಿತ. ಕೇಳಿದ್ದೇ ಕೆಂಡವಾದ. “ಹಕಾರ ನುಂಗೋ ಮಾತನ್ನ ಪರದೇಶದಲ್ಲಿ ಪಾಠ ಮಾಡ್ತೀಯೇನೇ ರಂಗು? ನಾಲಗೆ ತಿದ್ದಿದ್ದು ಇದಕ್ಕೇನಾ?”

“ಹಸುಗೆ ಕಾಯಿಲೆ ಆದಾಗ ಬೆಟ್ಟಯ್ಯ ವ್ಯಾಕರಣ ನೋಡ್ಕೊಂಡು ಮಾತಾಡ್ತಾನಾ ಅಣ್ಣ?”

ಅಣ್ಣ ಎದ್ದು ಹಿತ್ತಿಲಿಗೆ ನಡೆದ.

೧೮ ಮೇ, ತಿ. ನರಸೀಪುರ

ಸಂತೆ. ಗಲಾಟೆ, ಧೂಳು, ನನಗೋ ಹಬ್ಬ. ತರಕಾರಿ ಮಾರುವ ದೇವೀರಮ್ಮ ಮೈಕು ಕಂಡದ್ದೇ ಹಿಂದೆ ಸರಿದಳು. “ನನ್ ಗಂಟ್ಲು ಡಬ್ಬದೊಳೀಕೆ ಓದ್ರೆ ನಾನೇನ್ ಮೂಗಿ ಆಗ್ಬೇಕಾ?”

ಟೇಪು ಹಿಂದಕ್ಕೆ ತಿರುಗಿಸಿ ಅದೇ ಮಾತನ್ನು ಕೇಳಿಸಿದೆ. ಸುತ್ತ ಜನವೋ ಜನ. ದೇವೀರಮ್ಮ ಕಣ್ಣರಳಿಸಿದಳು. “ಇದು ನಾನಾ? ಯವ್ವಾ... ನಮ್ಮವ್ವ ಕೂಗ್ದಂಗದೆ!” ಆಮೇಲೆ ತಡೆಯುವವರೇ ಇಲ್ಲ. ಬದನೆಕಾಯಿ ಹಿಡಿದ ಕ್ಲೌಸ್‌ಗೆ, “ಮುಟ್ಟಿದ್ರೆ ತಕ್ಕೋಬೇಕು ಕಣಪ್ಪ, ಸುಮ್ಕೆ ಇಚುಕ್ಬೇಡ!” ಅವನಿಗೆ ತಿಳಿಯಿತು! ಚೀಲ ತುಂಬ ಬದನೆಕಾಯಿ ಕೊಂಡ. ಬಸ್ಸಿನಲ್ಲಿ ದಾರಿಯುದ್ದಕ್ಕೂ “ಸುಮ್ಕೆ, ಸುಮ್ಕೆ” ಜಪ.

ನಾಳೆ ಬೆಟ್ಟಯ್ಯ, ಅವನ ಹೆಂಡತಿ ಶಿವನಂಜಮ್ಮನ ದನಿ ಹಿಡಿಯಬೇಕು.

೨೬ ಮೇ

ಇವತ್ತಿನದನ್ನು ಬರೆಯಲೇಬೇಕು.

ಒಂದು ವಾರ ಆ ಟೇಪು ಕೇಳುತ್ತ ಕ್ಲೌಸ್ ಹೆಡ್‌ಫೋನ್ ಕಿತ್ತಿಟ್ಟಿರಲಿಲ್ಲ. ಇವತ್ತು ಬೆಟ್ಟಯ್ಯನ ಹಸು ಈಯಲಾರದೆ ಒದ್ದಾಟ. ಕ್ಲೌಸ್ ಓಡಿದ, ಹಿಂದೆಯೇ ನಾನು, ಅಣ್ಣ. ಶಿವನಂಜಮ್ಮ ಕೂಗಿದಳು: “ಕಾಲ್ ಬತ್ತಾ ಅವೆ, ತಲೆ ಇಂದಕ್ಕೆ ತಿರಿಕಂಡದೆ ಸಾ!”

ನಾನು ಬಿಡಿಸಿ ಹೇಳಲು ಬಾಯಿ ತೆರೆದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಸೋಪು ನೀರು, ತೋಳಿನವರೆಗೂ ಕೈ ಒಳಗೆ. ತಲೆ ಸರಿಮಾಡಿದ. “ಎಳೀರಿ... ಮೆಲ್ಲಕೆ! ಸುಮ್ಕೆ ಜಗ್ಗಬ್ಯಾಡಿ!”

ಕರು ಜಾರಿ ಬಿತ್ತು. ಉಸಿರಿಲ್ಲ. ಮೂಗು ಒರೆಸಿದ, ಎದೆ ತಿಕ್ಕಿದ... ಸೀನಿತು!

“ಉಟ್ತು! ಎಣ್ಗರ ಕಣಯ್ಯ!” — ಕ್ಲೌಸ್‌ನ ಕೂಗು. ಬೆಟ್ಟಯ್ಯ ಆ ಲೋಳೆ ಮೈಯಲ್ಲೇ ಅವನನ್ನು ತಬ್ಬಿಕೊಂಡ. ಆ ಕೂಗಿನಲ್ಲಿ ನನ್ನ ರಾಗ ಎಳ್ಳಷ್ಟೂ ಇರಲಿಲ್ಲ. ಎಷ್ಟು ಖುಷಿ!

ಬಾಗಿಲಲ್ಲಿ ಅಣ್ಣ. “ಹೆಣ್ಣುಗರು ಅಂದನಾ?”

“ಹೂಂ.”

“ತಿಳೀತು ಬಿಡು.” ಕಣ್ಣು ಒದ್ದೆ.

೨೯ ಮೇ. ಮಧ್ಯಾಹ್ನ

ಕ್ಲೌಸ್‌ಗೆ ಕವಲಂದೆಯೇ ಖಾಯಂ. ಜರ್ಮನಿಗೆ ಹೊರಡುವ ನನ್ನ ಪ್ಯಾಕಿಂಗ್ ಅರ್ಧ. ಅಣ್ಣ ಶಲ್ಯ ಹೊದ್ದು ಬಂದು ಮೈಕಿನ ಮುಂದೆ ಕೂತ. “ಅವರದೆಲ್ಲ ಇರ್ಲಿ. ಜೊತೆಗೆ ಶುದ್ಧವಾದದ್ದೂ ಒಂದಿರ್ಲಿ.” ಗುಂಡಿ ಒತ್ತಿದೆ. “ಪ್ರಿಯ ವಿದ್ಯಾರ್ಥಿಗಳೇ, ಕನ್ನಡವು ಅತ್ಯಂತ ಪ್ರಾಚೀನವಾದ...” ಅಷ್ಟರಲ್ಲಿ ತಾರಸಿಯ ಮೇಲೆ ದಬದಬ. ಕೋತಿಗಳು! “ಅಯ್ಯಯ್ಯೋ, ಹಪ್ಪಳ! ಹಚಾ! ಲೇ ಮೂದೇವಿ, ಬಿಡೋ! ರಂಗೂ, ಕೋಲು ತಾರೇ!” — ಶಲ್ಯ ಇಲ್ಲೇ ಬಿತ್ತು, ಅಣ್ಣ ಮೆಟ್ಟಿಲ ಮೇಲೆ. ಬೈಗುಳ ಜೋರಾಗುತ್ತಿದೆ. ಎಷ್ಟು ಚೆನ್ನಾಗಿ ಕೇಳಿಸುತ್ತಿದೆ! ಟೇಪು ಓಡುತ್ತಲೇ ಇದೆ. ನಿಲ್ಲಿಸುವುದಿಲ್ಲ. ಮತ್ತೆ ಕರೆಯುತ್ತಿದ್ದಾನೆ, ಕೋಲು ಎಲ್ಲಿ—