‘ನಿರ್ಗಮನ’ ಅಳಿಸಿ, ‘ಹೋಗಿ ಬನ್ನಿ’ ಎಂದು ಬರೆಸಿ

ವಿಮಾನ ನಿಲ್ದಾಣಗಳಿಗೆ ಬೋರ್ಡು ಬರೆಸುವ ಮಾನ್ಯ ಅಧಿಕಾರಿಗಳೇ,

ನನ್ನ ಯಜಮಾನರು ಇನ್ನೂ ಬದುಕಿದ್ದಾರೆ. ಎರಡು ಹೊತ್ತು ಮುದ್ದೆ ಉಣ್ಣುತ್ತಾರೆ, ಮೂರು ಹೊತ್ತು ನನ್ನ ಜೊತೆ ಜಗಳವಾಡುತ್ತಾರೆ. ಅಂಥ ಗಟ್ಟಿ ಮನುಷ್ಯನನ್ನು ಹೋದ ತಿಂಗಳು ನೀವು ಆಳೆತ್ತರದ ಅಕ್ಷರಗಳ ಕೆಳಗೆ ನಿಲ್ಲಿಸಿ, ದೀಪ ಬೇರೆ ಹಾಕಿ, ‘ನಿರ್ಗಮನ’ ಎಂದು ಹೇಳಿದಿರಿ. ಇದು ನ್ಯಾಯವೇ? ವಿಮಾನ ಹತ್ತಲು ಬಂದವರಿಗೆ ಹೇಳುವ ಮಾತೇ ಇದು? ನಮ್ಮ ಕಡೆ ಪತ್ರಿಕೆಯಲ್ಲಿ ಯಾರದಾದರೂ ಫೋಟೋ ಹಾಕಿ, ಹಾರ ಹಾಕಿ, ಇವರ ನಿರ್ಗಮನದಿಂದ ತುಂಬಲಾರದ ನಷ್ಟವಾಗಿದೆ ಎಂದು ಬರೆಯುತ್ತಾರೆ. ನೀವು ಹಾರ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದೀರಿ.

ಅದು ಯಾವ ನಿಲ್ದಾಣ ಎಂದು ಹೇಳುವುದಿಲ್ಲ. ಹೇಳಿದರೆ ನೀವು ಅಲ್ಲಿಯವರನ್ನು ತೋರಿಸುತ್ತೀರಿ, ಅವರು ನಿಮ್ಮನ್ನು ತೋರಿಸುತ್ತಾರೆ, ನಾನು ನಡುವೆ ಕತ್ತು ತಿರುಗಿಸಿಕೊಂಡು ಕೂರಬೇಕು. ಎಲ್ಲ ಕಡೆಯೂ ಅದೇ ಬೋರ್ಡಂತೆ. ನಮ್ಮ ಹಾಸನದ ಪಕ್ಕ ಬೂವನಹಳ್ಳಿಯಲ್ಲೂ ಒಂದು ವಿಮಾನ ನಿಲ್ದಾಣ ಬರುತ್ತದೆಂದು ಎಷ್ಟೋ ಕಾಲದಿಂದ ಕೇಳುತ್ತಿದ್ದೇವಲ್ಲ, ಅಲ್ಲಿಯೂ ಇದನ್ನೇ ಬರೆಸಿಬಿಟ್ಟೀರಿ ಎಂಬ ಭಯಕ್ಕೆ ಈಗಲೇ ಬರೆಯುತ್ತಿದ್ದೇನೆ. ನಾನು ಮಲ್ಲಿಪಟ್ಟಣದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಇನ್ನೂ ಕಡಿಮೆ ಓದಿದ್ದರೆ ನಿಮ್ಮ ಬೋರ್ಡು ಓದಲು ಬರುತ್ತಿರಲಿಲ್ಲ, ಈ ತೊಂದರೆಯೂ ಇರುತ್ತಿರಲಿಲ್ಲ. ಅದರ ಕೆಳಗೆ ಇಂಗ್ಲಿಷಿನಲ್ಲೂ ಏನೋ ಇತ್ತು. ಅದನ್ನು ಬೇಕಾದರೆ ಹಾಗೇ ಇಟ್ಟುಕೊಳ್ಳಿ. ಅರ್ಥವಾಗದ ಬೈಗುಳ ನನಗೆ ತಟ್ಟುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಭವ್ಯಶ್ರೀ ವಿಮಾನದ ಪೈಲಟ್. ಎಡಗಡೆ ಕೂರುವ ದೊಡ್ಡ ಪೈಲಟ್ ಅಲ್ಲ, ಬಲಗಡೆ ಕೂರುವವಳು. ಆದರೂ ಹಾರಿಸುತ್ತಾಳೆ. ಅವಳಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ್ದು ಅವಳ ತಾತ, ಅಂದರೆ ನನ್ನ ಯಜಮಾನರಾದ ತಿಮ್ಮಪ್ಪನವರು, ನಮ್ಮ ಹೊಲದಲ್ಲಿ, ಟ್ರ್ಯಾಕ್ಟರಿನ ಮೇಲೆ. ಈ ಮನುಷ್ಯನ ಸ್ವಭಾವ ಹೇಳಿಬಿಡುತ್ತೇನೆ. ಬೇರೆಯವರು ಓಡಿಸುವ ಗಾಡಿಯಲ್ಲಿ ಇವರು ನೆಮ್ಮದಿಯಾಗಿ ಕೂತಿದ್ದನ್ನು ನಾನು ನೋಡಿಲ್ಲ. ಕಾರಿನಲ್ಲಿ ಮುಂದಿನ ಸೀಟು ಹಿಡಿದು ಕೂತು, ಇಲ್ಲದ ಬ್ರೇಕನ್ನು ಊರಿಂದ ಊರಿಗೆ ಒತ್ತುತ್ತಾ ಹೋಗುತ್ತಾರೆ. ಬಸ್ಸಿನಲ್ಲೂ ಒತ್ತುತ್ತಾರೆ. ಮೊಮ್ಮಗಳು ಟ್ರ್ಯಾಕ್ಟರ್ ಓಡಿಸುವಾಗ ಮಾತ್ರ ಮಡ್‌ಗಾರ್ಡಿನ ಮೇಲೆ ಕಾಲು ಮಡಚಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ‘ನೀನು ಇಮಾನ ಓಡ್ಸುದ್ರೆ ಅದ್ರಲ್ಲೂ ಇಂಗೇ ಕೂತ್ಕತೀನಿ ಕಣವ್ವ’ ಎಂದು ಅವಳಿಗೆ ಆಗಲೇ ಮಾತು ಕೊಟ್ಟಿದ್ದರು.

ಆ ದಿನ ಬಂತು. ಅವಳು ಹುಬ್ಬಳ್ಳಿಗೆ ಹಾರಿಸುವ ವಿಮಾನಕ್ಕೆ ನಮಗೆಲ್ಲ ಟಿಕೆಟ್ ಮಾಡಿಸಿದಳು. ಹುಬ್ಬಳ್ಳಿಯಲ್ಲಿ ನಮಗೇನು ಕೆಲಸ? ಏನೂ ಇಲ್ಲ. ಹೋಗುವುದು, ಸಿದ್ಧಾರೂಢರ ಮಠ ನೋಡುವುದು, ಮರುದಿನ ಬರುವುದು. ತಾತ ಬಂದು ಕೂರಬೇಕು, ಅಷ್ಟೇ ಅವಳ ಆಸೆ. ‘ತಾತ, ಬಾಗ್ಲು ಆಕುದ್ಮೇಲೆ ನೀನೇ ಬಂದು ಬಡುದ್ರೂ ತೆಗಿಯಕ್ಕಾಗಲ್ಲ, ಟೈಮಿಗೆ ಸರ್ಯಾಗಿ ಬಂದ್ಬುಡು’ ಎಂದು ಫೋನಿನಲ್ಲಿ ದಿನವೂ ಹೇಳಿದಳು.

ಹೊಳೆನರಸೀಪುರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ನನ್ನ ಮಗ ಮೋಹನ್‌ಕುಮಾರ ಬೆಳಿಗ್ಗೆ ಕಾರು ತಂದ. ನಾವು ಹತ್ತುವಾಗ ಎದುರು ಮನೆಯವರು ಜಗಲಿಯಿಂದ ‘ದೂರ ಒಂಟ್ರಾ?’ ಎಂದರು. ನೋಡಿ ಮಾನ್ಯರೇ, ‘ಎಲ್ಲಿಗೆ’ ಎಂದು ಕೇಳಲಿಲ್ಲ. ಹೊರಟವರನ್ನು ಹಾಗೆ ಕೇಳಬಾರದು ಎಂಬುದು ಅವರಿಗೆ ಗೊತ್ತು. ನಿಮ್ಮಲ್ಲಿ ಬಾಗಿಲಿಗೊಬ್ಬರು ನಿಂತು ಎಲ್ಲಿಗೆ, ಎಲ್ಲಿಗೆ, ಎಲ್ಲಿಗೆ ಎಂದು ಕೇಳಿದರು. ಹೋಗಲಿ, ಅದನ್ನು ಕ್ಷಮಿಸಿದ್ದೇನೆ. ನಾವೂ ಎದುರು ಮನೆಯವರಿಗೆ ‘ಬತ್ತೀವಿ’ ಎಂದೆವು. ಚನ್ನರಾಯಪಟ್ಟಣದಲ್ಲಿ ನನ್ನ ನಾದಿನಿ ಜಯಲಕ್ಷ್ಮಮ್ಮನನ್ನು ಹತ್ತಿಸಿಕೊಂಡೆವು. ಅವಳು ಒಂದು ಡಬ್ಬ ನಿಪ್ಪಟ್ಟು ಹಿಡಿದು ಬಂದವಳು, ತನ್ನ ಮನೆಗೆ, ತುಳಸಿಕಟ್ಟೆಗೆ, ಕೊನೆಗೆ ನಾಯಿಗೂ ‘ಬತ್ತೀನಿ’ ಎಂದು ಹೇಳಿ ಕಾರು ಹತ್ತಿದಳು. ಹಿರೀಸಾವೆ ದಾಟುವಷ್ಟರಲ್ಲಿ ಯಜಮಾನರು ಬ್ರೇಕ್ ಒತ್ತಿ ಒತ್ತಿ ಮಗನ ಕಾರಿನ ಮ್ಯಾಟು ಮುದುರಿ ಹೋಗಿತ್ತು.

‘ಲೇ, ಲಾರಿ! ಲಾರಿ ಬತ್ತಾದೆ!’

‘ಅದು ಆ ಕಡೆ ರೋಡ್ನಲ್ಲಿ ಬತ್ತಾದೆ ಕಣಪ್ಪ.’

‘ಈ ಕಡೀಕ್ ಬಂದ್ರೆ?’

ನಿಲ್ದಾಣದ ಮುಂದೆ ನಮ್ಮ ಮೂವರನ್ನೂ ಇಳಿಸಿ, ಟಿಕೆಟ್ಟು ಆಧಾರ್ ಕಾರ್ಡು ನನ್ನ ಕೈಗೆ ಕೊಟ್ಟು, ಕಾರು ನಿಲ್ಲಿಸಿ ಬರುತ್ತೇನೆಂದು ಮಗ ಹೋದ. ಆಗ ಯಜಮಾನರು ತಲೆ ಎತ್ತಿ ನೋಡಿದರು. ಓದಿದರು. ಮತ್ತೆ ಓದಿದರು.

‘ಏನಮ್ಮೀ ಇದು?’

‘ಏನೋ ಬರ್ದವ್ರೆ. ನಡೀರಿ.’

‘ನಿರ್ಗಮನ ಅಂದ್ರೆ ಓಯ್ತಾನೇ ಇರದು ಕಣೇ. ವಾಪಸ್ ಬರದು ಎಲ್ಬರ್ದವ್ರೆ?’

ನಾನು ಸುತ್ತಲೂ ನೋಡಿದೆ. ನಿಜಕ್ಕೂ ಎಲ್ಲೂ ಬರೆದಿರಲಿಲ್ಲ.

ಬಾಗಿಲಲ್ಲಿ ಬಂದೂಕು ಹಿಡಿದ ಒಬ್ಬ ಕಾವಲುಗಾರ ನಿಂತಿದ್ದ. ಉತ್ತರದ ಕಡೆಯವನು, ಆದರೆ ಪಾಪ, ನಾಲ್ಕು ಮಾತು ಕನ್ನಡ ಕಲಿತಿದ್ದ. ನಗುನಗುತ್ತಾ ಕೇಳಿದ: ‘ಅಮ್ಮಾ, ಹೋಗ್ತೀರಾ? ಬರ್ತೀರಾ?’

ಈಗ ನೀವೇ ಹೇಳಿ ಮಾನ್ಯರೇ, ಕನ್ನಡದ ಹೊಟ್ಟೆಯಲ್ಲಿ ಹುಟ್ಟಿದ ಯಾವ ಹೆಂಗಸು, ಹೊರಡುವ ಹೊತ್ತಿಗೆ, ಬಾಯಿಬಿಟ್ಟು ‘ಹೋಗ್ತೀನಿ’ ಎನ್ನುತ್ತಾಳೆ? ನೆಂಟರ ಮನೆಯಿಂದ ಹೊರಟರೆ ಬತ್ತೀನಿ. ಸಂತೆಗೆ ಹೊರಟರೆ ಬತ್ತೀನಿ. ಗಂಡನ ಜೊತೆ ಜಗಳವಾಡಿ ತವರಿಗೆ ಹೊರಟಾಗಲೂ, ಬಾಗಿಲು ಬಡಿದು, ಬತ್ತೀನಿ ಎಂದೇ ಹೇಳಿ ಹೋದವಳು ನಾನು. ಸಾವಿನ ಮನೆಯೊಂದರಿಂದ ಮಾತ್ರ ನಾವು ಆ ಮಾತು ಆಡದೆ, ಯಾರ ಮುಖವನ್ನೂ ನೋಡದೆ ಎದ್ದು ಬರುತ್ತೇವೆ. ನಾನು ಕೈಮುಗಿದು ಹೇಳಿದೆ: ‘ಬತ್ತೀವಪ್ಪಾ.’ ಜಯಲಕ್ಷ್ಮಮ್ಮನೂ ಹಿಂದಿನಿಂದ ‘ಬತ್ತೀವಿ ಕಣಪ್ಪ, ಚೆನ್ನಾಗಿರು’ ಎಂದಳು.

‘ಓ, ಬರೋದು ಕೆಳಗೆ ಅಮ್ಮಾ!’ ಎಂದು ಅವನು ಖುಷಿಯಿಂದ ನಮ್ಮನ್ನು ಲಿಫ್ಟಿಗೆ ಹತ್ತಿಸಿ, ಗುಂಡಿಯನ್ನೂ ತಾನೇ ಒತ್ತಿ, ಕೆಳಗೆ ಕಳಿಸಿಬಿಟ್ಟ.

ಕೆಳಗೆ ಇನ್ನೊಂದು ಬೋರ್ಡು: ‘ಆಗಮನ’. ಯಜಮಾನರ ಮುಖ ಬೆಳಗಿತು. ‘ಇದು ಸರ್ಯಾಗದೆ’ ಎಂದು ಅಲ್ಲೊಂದು ಕಂಬಿಯ ಪಕ್ಕ ನಿಂತರು. ಒಳಗಿಂದ ಪೆಟ್ಟಿಗೆ ತಳ್ಳಿಕೊಂಡು ಜನ ಬರುತ್ತಲೇ ಇದ್ದರು. ಬರುವವರನ್ನು ಕಂಡು ಸುಮ್ಮನೆ ನಿಲ್ಲಲು ನಮಗೆ ಬರುತ್ತದೆಯೇ? ‘ಬಂದ್ರಾ? ಪ್ರಯಾಣ ಸುಖವಾಗಿತ್ತಾ? ಊಟ ಆಯ್ತಾ?’ ಎಂದು ಕೇಳಿದೆವು. ಜಯಲಕ್ಷ್ಮಮ್ಮ ಡಬ್ಬ ಬಿಚ್ಚಿ ನಿಪ್ಪಟ್ಟು ಹಂಚಿದಳು. ಕೋಟು ತೊಟ್ಟವರೊಬ್ಬರು ಎರಡು ತಿಂದು, ಯಾವ ಕಂಪನಿಯ ಕಡೆಯಿಂದ ಬಂದಿದ್ದೀರಿ ಎಂದು ಕೇಳಿದರು. ‘ಚನ್ರಾಯ್ಪಟ್ಣದ ಕಡೆಯಿಂದ’ ಎಂದಳು ಜಯಲಕ್ಷ್ಮಮ್ಮ. ಅವರು ಇನ್ನೊಂದು ತೆಗೆದುಕೊಂಡು, ಬಹಳ ಒಳ್ಳೆಯ ವ್ಯವಸ್ಥೆ ಎಂದು ಹೊಗಳಿ ಹೋದರು. ನಿಮ್ಮ ಇಲಾಖೆಯ ಲೆಕ್ಕಕ್ಕೆ ಬಂದ ಆ ಹೊಗಳಿಕೆಯನ್ನು ದಯವಿಟ್ಟು ನಮ್ಮ ಜಯಲಕ್ಷ್ಮಮ್ಮನಿಗೆ ತಲುಪಿಸಿ. ಅರವತ್ತೊಂಬತ್ತು ವರ್ಷವಾದರೂ ನನಗೆ ಅವಳು ಹುಡುಗಿಯೇ.

ಅಷ್ಟರಲ್ಲಿ ಮಗ ಓಡಿ ಬಂದ. ಅಂಗಿಯೆಲ್ಲ ಒದ್ದೆ.

‘ಅವ್ವಾ! ಇಲ್ಲೇನ್ ಮಾಡ್ತಿದೀರಿ? ಮೇಲೆಲ್ಲಾ ಉಡುಕ್ಬುಟ್ಟೆ. ಅಪ್ಪನ್ ಫೋನ್ಗೆ ಏನಾಗದೆ?’

‘ಚಾರ್ಜು ಮುಗ್ದೋಯ್ತದೆ ಅಂತ ಆಫ್ ಮಾಡಿವ್ನಿ’ ಎಂದರು ಯಜಮಾನರು.

‘ಅಲ್ಲಿ ಭವ್ಯ ಇಮಾನ ಅತ್ತಾಯ್ತು. ಬಾಗ್ಲಾಕ್ಬುಡ್ತಾರೆ, ನಡೀರಿ!’

ಮತ್ತೆ ಮೇಲೆ ಬಂದೆವು. ಅದೇ ಬಾಗಿಲು, ಅದೇ ಕಾವಲುಗಾರ. ನಮ್ಮನ್ನು ಕಂಡು ಅವನಿಗೆ ಆಶ್ಚರ್ಯ. ‘ಅಮ್ಮಾ, ಬಂದ್ರಿ ಅಲ್ವಾ? ಈಗ ಹೋಗ್ತೀರಾ?’

‘ಓಯ್ತೀನಿ ಅಂತ ಒಂದ್ಮಾತ್ ಅಂದ್ಬುಡಪ್ಪ’ ಎಂದ ಮಗ.

‘ನಾನ್ ಅನ್ನಕಿಲ್ಲ ಕಣ್ಲಾ’ ಎಂದರು ಯಜಮಾನರು.

‘ಅನ್ಬ್ಯಾಡ, ಸುಮ್ಕೆ ಒಳೀಕ್ ನಡಿ.’

‘ಅದ್ರ ಕೆಳಗ್ ನುಗ್ಗುದ್ರೆ ಅಂದಂಗೇ ಅಲ್ವೇನ್ಲಾ? ನೋಡು, ದೀಪಾನೂ ಅಚ್ಚಿ ಮಡ್ಗವ್ರೆ.’

ಹಿಂದೆ ಪೆಟ್ಟಿಗೆ ಹಿಡಿದವರ ಸಾಲು ಬೆಳೆಯುತ್ತಿತ್ತು. ಮಗನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನನಗೆ ಮೊಮ್ಮಗಳ ನೆನಪಾಯಿತು. ಅಲ್ಲಿ ಗಾಜಿನ ಹಿಂದೆ ಟೋಪಿ ಹಾಕಿಕೊಂಡು ಕೂತು, ತಾತ ಹತ್ತಿದರೋ ಇಲ್ಲವೋ ಎಂದು ಹಿಂದೆ ತಿರುಗಿ ನೋಡಲೂ ಆಗದೆ ಚಡಪಡಿಸುತ್ತಿರುತ್ತಾಳೆ. ಈ ಮುದುಕ ಮಾತು ಕೊಟ್ಟು ಇಲ್ಲಿ ಹೊಸಿಲಲ್ಲಿ ನಿಂತಿದ್ದಾನೆ. ಸಿಟ್ಟು ಬಂತು. ಸಿಟ್ಟಿನಲ್ಲಿ ನನಗೆ ಬುದ್ಧಿ ಚುರುಕಾಗುತ್ತದೆ. ಅವರ ಎರಡೂ ಭುಜ ಹಿಡಿದು ಗಿರಕ್ಕನೆ ತಿರುಗಿಸಿದೆ. ಈಗ ಅವರ ಬೆನ್ನು ಬಾಗಿಲ ಕಡೆ, ಮುಖ ರಸ್ತೆಯ ಕಡೆ.

‘ಈಗ ಎಲ್ಲೀಗ್ ನೋಡ್ತಿದೀರಿ?’

‘ಊರ್ ಕಡೀಕೆ.’

‘ಊರ್ ಕಡೀಕ್ ಮಕ ಮಾಡಿರೋರು ಓಗೋರೋ, ಬರೋರೋ?’

ಅವರು ಯೋಚಿಸಿದರು. ‘ಬರೋರು’ ಎಂದರು.

‘ಅಂಗಾರೆ ನಡೀರಿ, ಇಂದಿಂದಕ್ಕೆ.’

ಹೀಗೆ ಮಾನ್ಯರೇ, ಪಂಚೆ ಉಟ್ಟ ತಿಮ್ಮಪ್ಪನವರು, ಅವರ ಹಿಂದೆ ನಾನು, ನನ್ನ ಹಿಂದೆ ನಿಪ್ಪಟ್ಟಿನ ಡಬ್ಬದ ಜಯಲಕ್ಷ್ಮಮ್ಮ, ಮೂವರೂ ಹಿಮ್ಮುಖವಾಗಿ ನಡೆದು ನಿಮ್ಮ ನಿರ್ಗಮನದ ಬಾಗಿಲನ್ನು ದಾಟಿದೆವು. ಕಾವಲುಗಾರ ಟಿಕೆಟ್ ನೋಡಲು ನಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕಾಯಿತು. ‘ಇದೇನು ಅಮ್ಮಾ?’ ಎಂದ. ‘ಬತ್ತಾ ಇದೀವಪ್ಪಾ’ ಎಂದೆ. ಅವನು ಬಂದೂಕು ಅಲುಗಾಡುವಂತೆ ನಕ್ಕ. ನಮ್ಮ ಹಿಂದಿದ್ದ ಎರಡು ಮಕ್ಕಳೂ ಹಿಮ್ಮುಖವಾಗಿಯೇ ಒಳಗೆ ಬಂದವು. ಅವರಮ್ಮ ಬೈಯುತ್ತಾ ಬಂದಳು, ಆದರೆ ಅವಳೂ ತಿರುಗಿದ್ದಳು.

ಒಳಗೆ ಮೈ ತಡವುವ ಕಡೆ ತಡವಿದರು, ಬೆಲ್ಟು ಬಿಚ್ಚಿಸಿದರು. ಯಜಮಾನರ ಸೊಂಟದಲ್ಲಿ ಬಿಚ್ಚಲು ಬೆಲ್ಟೆಲ್ಲಿ, ಪಂಚೆಯ ಒಳಗೊಂದು ಉಡಿದಾರ ಅಷ್ಟೇ. ಎಲ್ಲ ಮುಗಿಯಿತು ಎನ್ನುವಾಗ ಮೇಲಿನಿಂದ ಒಂದು ದನಿ ಬಂತು: ‘ಪ್ರಯಾಣಿಕ ತಿಮ್ಮಪ್ಪ ಅವರ ಗಮನಕ್ಕೆ. ಇದು ನಿಮಗೆ ಕೊನೆಯ ಕರೆ.’

ಇದನ್ನು ಯಾರು ಬರೆದುಕೊಟ್ಟರು ಎಂದು ನನಗೆ ತಿಳಿಯಬೇಕು. ಎಪ್ಪತ್ತೆಂಟು ವರ್ಷದ ಮನುಷ್ಯನಿಗೆ, ಆಕಾಶದಿಂದ, ಹೆಸರು ಹಿಡಿದು, ಕೊನೆಯ ಕರೆ! ಯಜಮಾನರು ಇದ್ದಲ್ಲೇ ಕುಳಿತುಬಿಟ್ಟರು. ‘ಕೇಳುದ್ಯಾ? ಎಸ್ರಿಡ್ದೇ ಕರೀತಾವ್ರೆ’ ಎಂದರು. ನಾನು ಸುತ್ತ ನೋಡಿದೆ, ತಿರುಗಿಸಿ ಉಪಯೋಗವಿರಲಿಲ್ಲ, ದನಿ ಎಲ್ಲ ಕಡೆಯಿಂದಲೂ ಬರುತ್ತಿತ್ತು. ಆಗ ಜಯಲಕ್ಷ್ಮಮ್ಮ ಅಣ್ಣನ ಕಿವಿಯ ಹತ್ತಿರ ಬಾಗಿ ಹೇಳಿದಳು: ‘ಅಣ್ಣಯ್ಯ, ಕೊನೇ ಪಂಕ್ತಿಗ್ ಕರೀತಾವ್ರೆ ಕಣೋ. ಎಲೆ ಆಕ್ಬುಟ್ಟವ್ರೆ. ಇನ್ ತಡ ಮಾಡುದ್ರೆ ಪಾಯ್ಸ ಸಿಕ್ಕಕಿಲ್ಲ.’ ಮದುವೆ ಮನೆಯ ಕೊನೆಯ ಪಂಕ್ತಿಯನ್ನು ಜನ್ಮದಲ್ಲಿ ತಪ್ಪಿಸಿಕೊಂಡವರಲ್ಲ ನನ್ನ ಯಜಮಾನರು. ಎದ್ದು ಓಡಿದರು ನೋಡಿ! ಮಗನೇ ಹಿಂದೆ ಉಳಿದ.

ವಿಮಾನದ ಬಾಗಿಲು ತೆರೆದಿತ್ತು. ನಾವು ಕೂತ ಮೇಲೆ ಮುಚ್ಚಿತು. ಮೈಕಿನಲ್ಲಿ ಮೊದಲು ಇಂಗ್ಲಿಷಿನಲ್ಲಿ ಏನೇನೋ ಆಯಿತು. ಆಮೇಲೆ ನಮ್ಮ ಮೊಮ್ಮಗಳ ದನಿ: ‘ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಗೆ’ ಎಂದು ಒಂದು ಚಣ ತಡೆದಳು. ಬರೆದುಕೊಟ್ಟಿದ್ದರಲ್ಲಿ ಹೊರಡುತ್ತಿದ್ದೇವೆ ಎಂದು ಇತ್ತಂತೆ. ಅವಳು ‘ಹೋಗಿ ಬರೋಣ’ ಎಂದಳು.

‘ಓಗ್ ಬರಾನ ಕಣವ್ವಾ!’ ಎಂದು ಯಜಮಾನರು ಇಡೀ ವಿಮಾನಕ್ಕೆ ಕೇಳುವಂತೆ ಕೂಗಿದರು. ಜನ ಚಪ್ಪಾಳೆ ಹೊಡೆದರು. ವಿಮಾನ ಓಡಿತು, ಎದ್ದಿತು, ಹೊಟ್ಟೆಯಲ್ಲಿ ಕಚಗುಳಿ ಇಟ್ಟಿತು. ಜಯಲಕ್ಷ್ಮಮ್ಮ ನನ್ನ ಕೈ ಹಿಂಡಿ ಹಿಂಡಿ ಬಳೆ ಒಡೆದಳು. ಅಷ್ಟರಲ್ಲಿ ಗಗನಸಖಿ ಬಂದು ‘ಸರ್, ದಯವಿಟ್ಟು ಕಾಲು ಕೆಳಗಿಡಿ’ ಎಂದಳು. ನೋಡುತ್ತೇನೆ, ನಮ್ಮವರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಲೆಗೆ ಸುಣ್ಣ ಸವರುತ್ತಿದ್ದಾರೆ.

‘ಕಾಲ್ಗೆ ಏನ್ ಕೆಲ್ಸ ಅದೆ ಕಣವ್ವ ಈಗ? ಓಡುಸ್ತಿರೋಳು ನಮ್ ಮೊಮ್ಮಗ್ಳು.’

ಹೋದೆವು, ಬಂದೆವು. ಹುಬ್ಬಳ್ಳಿಯಲ್ಲೂ ಅದೇ ಬೋರ್ಡು, ಅಲ್ಲೂ ಹಿಂದಿಂದಕ್ಕೇ ನಡೆದೆವು. ಈಗ ಅಭ್ಯಾಸವಾಗಿದೆ. ಆದರೆ ಮಾನ್ಯರೇ, ನನ್ನ ಮಂಡಿಗೆ ಇದು ಒಳ್ಳೆಯದಲ್ಲ. ಬೂವನಹಳ್ಳಿಯಲ್ಲಿ ನಿಲ್ದಾಣವಾದ ದಿನ, ಮೊಮ್ಮಗಳು ಅಲ್ಲಿಗೆ ವಿಮಾನ ತಂದರೆ ಮೊದಲು ಹತ್ತುವವರು ತಾವೇ ಎಂದು ಯಜಮಾನರು ಅವಳಿಗೆ ಹೊಸದಾಗಿ ಮಾತು ಕೊಟ್ಟಿದ್ದಾರೆ. ಅಲ್ಲಿ ನಮ್ಮ ಜನವೆಲ್ಲ ಸೇರಿರುತ್ತಾರೆ. ಅರಕಲಗೂಡಿನ ಬೀಗರೆದುರು ನನ್ನ ಗಂಡನನ್ನು ಹಿಮ್ಮುಖವಾಗಿ ತಳ್ಳಿಕೊಂಡು ಹೋಗಲು ನಾನು ತಯಾರಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಆ ಬೋರ್ಡಿನ ಮೇಲೆ ‘ಹೋಗಿ ಬನ್ನಿ’ ಎಂದು ಬರೆಸಿ. ಇನ್ನೊಂದು ಕಡೆ ‘ಬಂದ್ರಾ?’ ಎಂದು ಬರೆಸಿ. ಕೊನೆಯ ಕರೆಗೆ ‘ಕೊನೆಯ ಪಂಕ್ತಿ’ ಎಂದು ಕೂಗಿಸಿ, ಎಲ್ಲರೂ ಸಮಯಕ್ಕೆ ಸರಿಯಾಗಿ ಬರುತ್ತಾರೆ. ಇದಕ್ಕೆ ಸಮಿತಿ ಬೇಕೇ? ವರದಿ ಬೇಕೇ? ಊರಿನ ಕಮಾನುಗಳ ಬೆನ್ನಿಗೆ ಬಣ್ಣ ಬಳಿಯುವವರಿಗೆ ಗೊತ್ತಿರುವ ಎರಡು ಪದ ಅಷ್ಟೇ.

ಇನ್ನೊಂದು ಮಾತು. ನಿಮ್ಮ ಬೂವನಹಳ್ಳಿಯ ನಿಲ್ದಾಣವೂ ನಮ್ಮ ಹಾಗೇ, ಇಷ್ಟು ವರ್ಷದಿಂದ ಬತ್ತೀನಿ ಬತ್ತೀನಿ ಎನ್ನುತ್ತಲೇ ಇದೆ. ಸಂತೋಷ. ಆದರೆ ನಮ್ಮ ಕಡೆ ಆ ಮಾತು ಆಡಿದವರು ಬಂದೇ ತೀರಬೇಕು. ಅದಕ್ಕೆಂದೇ ಆಡುವುದು. ಯಜಮಾನರಿಗೆ ಎಪ್ಪತ್ತೆಂಟು ಎಂದು ಆಗಲೇ ಹೇಳಿದ್ದೇನೆ. ನೀವು ಬೇಗ ಬನ್ನಿ. ಅವರು ಹೋಗಿ ಬರಬೇಕು.

ಇಂತಿ,
ಇಷ್ಟು ಹೇಳಿ ‘ಬತ್ತೀನಿ’ ಎನ್ನುವ,
ಮಂಡಿನೋವಿನ ಅನಸೂಯಮ್ಮ,
ಹಿಮ್ಮುಖ ಪ್ರಯಾಣಿಕಳು, ಮಲ್ಲಿಪಟ್ಟಣ