ಬಾಯಿ ನನ್ನದು

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ 7.40

ಮತ್ತೆ ಉಪ್ಪುನೀರು ಮುಕ್ಕಳಿಸಿದ್ದಾಯಿತು. ಗಂಟಲಿಗೆ ಏನೂ ಆಗಿಲ್ಲ. ಆದರೂ ಮೂರು ದಿನದಿಂದ ಇದೇ ಕೆಲಸ. ಹಾಲ್‌ನಲ್ಲಿ ಮಧುಸೂದನ್‌ಗೆ ಆಫೀಸಿನ ಕಾಲ್, ಬಾತ್‌ರೂಮಿನಲ್ಲಿ ಹೆಂಡತಿಯ ಗಳಗಳ. ಪಾಪ, ಮ್ಯೂಟ್ ಮಾಡಿಕೊಳ್ಳುತ್ತಾರೆ.

ಡೈರೆಕ್ಟರ್ ಮೀರಾ ಕಳಿಸಿದ ಪುಟವನ್ನು ಕನ್ನಡಿಗೆ ಅಂಟಿಸಿದ್ದೇನೆ. ಲಂಡನ್ನಿನ ಲಾಂಡ್ರಿಯಲ್ಲಿ ದುಡಿಯುವ ಕುಂದಾಪುರದ ಹೆಂಗಸು. ಬಾಗಿಲಲ್ಲಿ ನಿಂತು ಮಗಳಿಗೆ ಹೇಳುತ್ತಾಳೆ — ಹೋಗಿ ಬರುತ್ತೇನೆ, ನೀನು ಉಣ್ಣು, ನನಗೆ ಕಾಯಬೇಡ. ಅಷ್ಟೇ ಸೀನ್. ಕೆಳಗೆ ಮೀರಾಳ ನೋಟ್: ನಿಮ್ಮ ಊರಿನ ಭಾಷೆ, ನಿಮ್ಮದೇ ವಾಯ್ಸ್. ಇಪ್ಪತ್ತನೇ ತಾರೀಖಿನೊಳಗೆ ವಿಡಿಯೋ ಕಳಿಸಿ.

ನನ್ನದೇ ವಾಯ್ಸ್! ಹತ್ತೊಂಬತ್ತು ಸಿನಿಮಾ, ಒಂದು ರಾಜ್ಯ ಪ್ರಶಸ್ತಿ. ಒಂದರಲ್ಲೂ ನನ್ನ ದನಿ ಇಲ್ಲ. ಎಲ್ಲ ಡಬ್ಬಿಂಗ್ ಶೋಭಾ ಅವರದು. ಮೊದಲ ಸಿನಿಮಾದ ಪ್ರೊಡ್ಯೂಸರ್ ನನ್ನ ಗುಣವತಿ ಎಂಬ ಹೆಸರು ತೆಗೆದು ಕಲ್ಯಾಣಿ ಎಂದಿಟ್ಟ. ಆಮೇಲೆ "ಮುಖ ಓಕೆ, ಬಾಯಿ ಬಿಟ್ರೆ ಮೀನು ಮಾರ್ಕೆಟ್ಟು" ಅಂದ. ದನಿಯೂ ಹೋಯಿತು.

ಈ ಪಾತ್ರ ಬೇಕು. ಇಂಗ್ಲೆಂಡಿಗೆ ಬಂದು ಹದಿನೇಳು ವರ್ಷ ಸುಮ್ಮನಿದ್ದೇನೆ. ಬೇಕೇ ಬೇಕು.

ಅಕ್ಟೋಬರ್ 7, ಮಂಗಳವಾರ

ಜಾಹ್ನವಿ ಕಾಲೇಜಿಗೆ ಹೊರಡುವ ಮುಂಚೆ ಫೋನಿನಲ್ಲಿ ಒಂದು ಟೇಕ್ ತೆಗೆದಳು. ಪ್ಲೇ ಮಾಡಿ ನೋಡಿದೆ. "ಹೋಗ್ಬರ್ತೀನಿ ಪುಟ್ಟಾ. ಊಟ ಮಾಡ್ಬಿಡು. ನನಗೆ ಕಾಯ್ಬೇಡ."

"ಅಮ್ಮಾ, ಯು ಸೌಂಡ್ ಲೈಕ್ ದ ನ್ಯೂಸ್" ಎಂದಳು ಮಗಳು.

ನ್ಯೂಸ್ ಅಲ್ಲ. ಶೋಭಾ! ಅದೇ ಎಳೆತ, ಅದೇ ಕೊನೆಯ ಉಸಿರು. ಆಗ ಬೆಂಗಳೂರಿನಲ್ಲಿ ಜನ ನನ್ನ ಮಾತು ಕೇಳಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅದಕ್ಕೆ ಹೆದರಿ, ನನ್ನದೇ ಸಿನಿಮಾ ಹಾಕಿಕೊಂಡು ಶೋಭಾ ಹಾಗೆ ಮಾತಾಡುವುದನ್ನು ಕಲಿತೆ. ಎಷ್ಟು ಚೆನ್ನಾಗಿ ಕಲಿತೆ ಎಂದರೆ ನನ್ನೂರು ಹೆಮ್ಮಾಡಿಯ ಮಾತು ಈಗ ನಾಲಗೆಗೆ ಬರುತ್ತಿಲ್ಲ. ಬಾಯಿ ತೆರೆದರೆ ಬೆಂಗಳೂರು.

ಅಮ್ಮ ಇದ್ದಿದ್ದರೆ ಫೋನ್ ಮಾಡಬಹುದಿತ್ತು.

ಅಕ್ಟೋಬರ್ 9, ಗುರುವಾರ

105 ಬಸ್ಸು ಹತ್ತಿ ಸೌತ್‌ಹಾಲ್. ಬ್ರಾಡ್‌ವೇ ಹಿಂದಿನ ಗಲ್ಲಿಯಲ್ಲಿ ಒಂದು ದೋಸೆ ಹೋಟೆಲು. ಅಡಿಗೆಯ ಗಣಪಯ್ಯ ಕುಂದಾಪುರದ ಪಕ್ಕದ ಕೋಟೇಶ್ವರದವರು. ಅವರ ಮಾತು ಕೇಳಿ ಕಲಿಯೋಣ ಎಂಬ ಲೆಕ್ಕಾಚಾರ.

ನನ್ನನ್ನು ನೋಡಿದ್ದೇ ಕೈ ಒರೆಸಿಕೊಂಡು ಓಡಿ ಬಂದರು. "ದಯವಿಟ್ಟು ಕುಳಿತುಕೊಳ್ಳಿ ಮೇಡಂ. ತಾವು ಏನು ತೆಗೆದುಕೊಳ್ಳುತ್ತೀರಿ?" ಪಠ್ಯಪುಸ್ತಕ ಬಾಯಿ ಬಿಟ್ಟ ಹಾಗೆ! ಊರಿನ ಮಾತೇ ಆಡಿ ಎಂದು ಕೈಮುಗಿದೆ. "ಛೆ ಛೆ, ತಮ್ಮೆದುರು ಹಾಗೆಲ್ಲ ಮಾತನಾಡಬಹುದೇ?"

ನನ್ನ ಸಿನಿಮಾದ ಕೋರ್ಟ್ ಸೀನಿನ ಡೈಲಾಗ್ ಹೇಳಲೇಬೇಕೆಂದು ಹಟ ಹಿಡಿದರು. ಹೇಳಿದೆ: "ನಾನು ತಪ್ಪು ಮಾಡಿಲ್ಲ ಸ್ವಾಮಿ. ಮಾತಾಡಿದ್ದೀನಿ, ಅಷ್ಟೆ." ಕಣ್ಣು ತುಂಬಿಕೊಂಡರು. ಆಮೇಲೆ ಬಿಲ್ ಬರೆಯುವ ತಮ್ಮ ಭಾವಮೈದ ಸಂದೇಶನ ಕಡೆ ತಿರುಗಿ, ನನಗೆ ಕೇಳಿಸಲಾರದೆಂದು ಮೆಲ್ಲಗೆ: "ಸ್ವರ ಸಲ್ಪ ಬದ್ಲಾಯ್ತ್ ಅಲ್ದಾ? ಇಲ್ಲಿನ್ ಚಳಿಗ್ ಆಯಿಕ್."

ಚಳಿಗೆ ನನ್ನ ದನಿ ಬದಲಾಗಿದೆಯಂತೆ! ಅಳುವೋ ನಗುವೋ ತಿಳಿಯಲಿಲ್ಲ. ದೋಸೆ ಅರ್ಧಕ್ಕೆ ಬಿಟ್ಟೆ.

ಅಕ್ಟೋಬರ್ 15, ಬುಧವಾರ

ಹೋಟೆಲಿನಲ್ಲಿ ನಾಲ್ಕನೇ ದಿನ. ಬೆನ್ನು ತಿರುಗಿಸಿ ಅಡಿಗೆಮನೆಯ ಕಿಟಕಿಗೆ ಒತ್ತಿ ಕೂರುತ್ತೇನೆ. ಹುಡ್ ಹಾಕಿದ ಜಾಕೆಟ್, ಕಾಫಿ, ಕಿವಿ ಒಳಗೆ. ಕದ್ದು ಕೇಳುವುದಕ್ಕೆ ನಾಚಿಕೆಯೇನೂ ಆಗುತ್ತಿಲ್ಲ. ನಂದೇ ಸಾಮಾನು.

ಒಳಗೆ ಗಣಪಯ್ಯ ಕೂಗಿದರು. "ಹ್ವಾಯ್ ಸಂದೇಶಾ, ಚಟ್ನಿ ಸೌಟ್ ಎಲ್ಲಿಟ್ಟಿದೆ ಮಾರಾಯಾ?" ಸಂದೇಶ ಹೊರಗೆ ಬಿಲ್ ಹತ್ತಿರ. ಸೌಟು ಕಿಟಕಿಯ ಕಟ್ಟೆ ಮೇಲೇ ಇದೆ. ನನ್ನ ಬಾಯಿಂದ ಬಂತು:

"ಇಲ್ಲೇ ಇತ್ತಲ್ದಾ! ಕಣ್ ಕಾಂತಿಲ್ಯಾ ನಿಮ್ಗೆ?"

"ಹೌದಲ" ಎಂದು ಸೌಟು ಎಳೆದುಕೊಂಡರು. ಆಮೇಲೆ ತಲೆ ಹೊರಗೆ ಹಾಕಿ: "ಯಾರ್ ಮಾತಾಡದ್?"

ಹುಡ್ ಇನ್ನೂ ಎಳೆದುಕೊಂಡೆ. ಬಸ್ಸಿನಲ್ಲಿ ಗ್ರೀನ್‌ಫರ್ಡ್ ತನಕ ಮುಖ ಕಿಟಕಿಗೆ ತಿರುಗಿಸಿ ಅತ್ತೆ. ಎಷ್ಟು ಖುಷಿಯಾಗಿತ್ತು!

ಅಕ್ಟೋಬರ್ 19, ಭಾನುವಾರ

ಕಳಿಸಿದೆ. ಒಂದೇ ಟೇಕ್. "ನಾನ್ ಹೋಯ್ ಬತ್ತೆ. ನೀ ಉಣ್. ನಂಗ್ ಕಾಯ್ಬೇಡ, ಅಕಾ?" ಆ ‘ಅಕಾ’ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಅಮ್ಮ ಯಾವ ಮಾತನ್ನೂ ಅದಿಲ್ಲದೆ ಮುಗಿಸುತ್ತಿರಲಿಲ್ಲ. ಸರಿಯಾ, ಆಯ್ತಾ, ಹುಷಾರು — ಎಲ್ಲ ಅದರಲ್ಲೇ.

ಜಾಹ್ನವಿ ಫೋನ್ ಕೆಳಗಿಟ್ಟು ನನ್ನನ್ನೇ ನೋಡಿದಳು. "ಹೂ ವಾಸ್ ದಟ್?"

ಅಕ್ಟೋಬರ್ 24

ಮೀರಾಳಿಂದ ಏನೂ ಇಲ್ಲ.

ಅಕ್ಟೋಬರ್ 30

ಸ್ಪ್ಯಾಮ್ ಕೂಡ ನೋಡಿದೆ. ಅಲಮಾರು ಎರಡು ಸಲ ಜೋಡಿಸಿದೆ. ಮಧುಸೂದನ್ "ಕೂತ್ಕೊಳೇ ಸ್ವಲ್ಪ" ಎಂದರು. ಕೂತೆ. ಎದ್ದೆ.

ನವೆಂಬರ್ 6, ಗುರುವಾರ. ಮಧ್ಯಾಹ್ನ 2

ಮೀರಾ ಫೋನ್. ಹೊಗಳಿದಳು, ಬಹಳ ಹೊತ್ತು. ಆಗಲೇ ವಾಸನೆ ಬಂತು — ಪಾತ್ರ ಕೊಡುವವರು ಇಷ್ಟು ಹೊಗಳುವುದಿಲ್ಲ. ಪ್ರೊಡ್ಯೂಸರ್‌ಗಳಿಗೆ ಹೆಸರಿರುವ ಮುಖ ಬೇಕಂತೆ. ಮುಂಬೈಯ ನಟಿ, ಮೂವತ್ತೆಂಟು ವರ್ಷ. ಅವಳಿಗೆ ಕನ್ನಡ ಬಾರದು. "ಆದರೆ ನಿಮ್ಮ ವಾಯ್ಸ್ ಬಿಡೋಕೆ ಆಗ್ತಿಲ್ಲ, ಕಲ್ಯಾಣಿ. ಅವರಿಗೆ ನೀವು ಡಬ್ ಮಾಡ್ತೀರಾ?"

ನಕ್ಕೆ. ಜೋರಾಗಿ. ಅವಳಿಗೆ ಗಾಬರಿಯಾಯಿತು. ಸೋಮವಾರ ಹೇಳುತ್ತೇನೆ ಎಂದು ಇಟ್ಟೆ. ಇಟ್ಟ ಮೇಲೆ ಸಿಟ್ಟು. ಲೋಟ ಸಿಂಕಿಗೆ ಎಸೆದೆ. ಸ್ಟೀಲ್ ಲೋಟ, ಒಡೆಯಲೂ ಇಲ್ಲ.

ಸಂಜೆ

ಜಾಹ್ನವಿಗೆ ಹೇಳಿದೆ. ಕೆಂಡವಾದಳು. "ದಟ್ಸ್ ಹಾರಿಬಲ್, ಅಮ್ಮಾ. ಬೇರೆಯವರ ಫೇಸ್‌ಗೆ ವಾಯ್ಸ್ ಕೊಟ್ಟು ಹೈಡ್ ಆಗಿರೋದಾ? ಹೂ ಡಸ್ ದಟ್?"

"ಶೋಭಾ" ಎಂದೆ.

"ಹೂ ಈಸ್ ಶೋಭಾ?"

ಹದಿನೇಳು ವರ್ಷದ ಮಗಳು. ನನ್ನ ಎಲ್ಲ ಸಿನಿಮಾ ನೋಡಿದ್ದಾಳೆ. ಈ ಹೆಸರು ಕೇಳಿಯೇ ಇಲ್ಲ.

ನವೆಂಬರ್ 8, ಶನಿವಾರ

ಶೋಭಾ ಅವರನ್ನು ನೋಡಿದ್ದು ಎರಡೇ ಸಲ. ಒಮ್ಮೆ ಸ್ಟುಡಿಯೋ ಲಿಫ್ಟಿನಲ್ಲಿ. "ತುಂಬ ಚೆನ್ನಾಗಿ ತುಟಿ ಆಡಿಸ್ತೀರ ಮೇಡಂ, ನನ್ನ ಕೆಲಸ ಸುಲಭ ಆಗುತ್ತೆ" ಎಂದಿದ್ದರು. ಕೂಲಿಂಗ್ ಗ್ಲಾಸ್ ತೆಗೆಯದೆ ತಲೆಯಾಡಿಸಿದ್ದೆ.

ಇನ್ನೊಮ್ಮೆ ಪ್ರಶಸ್ತಿಯ ದಿನ. ಹಿಂದಿನ ಸಾಲಿನಲ್ಲಿದ್ದರು, ಹಸಿರು ಸೀರೆ. ಮೈಕ್ ಮುಂದೆ ಎಲ್ಲರ ಹೆಸರು ಹೇಳಿದೆ. ಡ್ರೈವರ್ ಹೆಸರೂ ಹೇಳಿದೆ. ಅವರದು ಹೇಳಲಿಲ್ಲ. ಮರೆತದ್ದಲ್ಲ. ಹೇಳಿದರೆ ಪ್ರಶಸ್ತಿ ಅರ್ಧವಾಗುತ್ತದೆ ಎಂಬ ಭಯ. ಇದನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆಯುವಾಗಲೂ ಕೈ ಹಿಂದೆ ಎಳೆಯುತ್ತಿದೆ.

ನವೆಂಬರ್ 10, ಸೋಮವಾರ. ಬೆಳಿಗ್ಗೆ 9.10

ಮೀರಾಗೆ ಮೇಲ್ ಹಾಕಿದೆ. ಮಾಡುತ್ತೇನೆ. ಒಂದೇ ಷರತ್ತು — ಆ ನಟಿಯ ಹೆಸರಿನ ಕೆಳಗೇ ದನಿಯವಳ ಹೆಸರೂ ಬರಬೇಕು. ಗುಣವತಿ ಎಂದು.

ಐದು ನಿಮಿಷಕ್ಕೆ ಉತ್ತರ. ಆಫ್ ಕೋರ್ಸ್, ಅಂತೆ. ಅಷ್ಟೇ! ಒಂದು ಮಾತು ಕೇಳಿದ್ದರೆ ಸಾಕಿತ್ತು. ಆಗ ಶೋಭಾ ಹೆಸರಿಗಾಗಿ ನಾನು ಕೇಳಿದ್ದರೆ ಯಾವ ಪ್ರೊಡ್ಯೂಸರ್ ಇಲ್ಲ ಅನ್ನುತ್ತಿದ್ದ?

9.55

ಹಳೆಯ ಮ್ಯಾನೇಜರ್ ಶಿವಪ್ರಕಾಶ ಶೋಭಾ ಅವರ ನಂಬರ್ ಕಳಿಸಿದ. ಅಲ್ಲಿ ಮಧ್ಯಾಹ್ನ ಮೂರು ಗಂಟೆ ದಾಟಿದೆ. ನಿದ್ದೆ ಮಾಡುತ್ತಿರಬಹುದು... ಮಾಡುತ್ತಿರಲಿ. ಎಬ್ಬಿಸುತ್ತೇನೆ.

10.10

ಮಾಡಿದೆ. ಎತ್ತಿದರು. "ಹಲೋ..." ವಯಸ್ಸಾಗಿದೆ. ಆದರೂ ಅದೇ. ಕಟಕಟೆಯಲ್ಲಿ ನಿಂತು ಸ್ವಾಮಿ ಎಂದ ದನಿ, ಜನ ನನ್ನದೆಂದು ನಂಬಿರುವ ದನಿ.

"ನಾನು" ಎಂದೆ.

"ನಾನು ಅಂದ್ರೆ? ದನಿ ಗೊತ್ತಾಗ್ಲಿಲ್ಲಮ್ಮ. ಯಾರು ಮಾತಾಡ್ತಿರೋದು?"

ಕಟ್ ಮಾಡಿಬಿಟ್ಟೆ. ಹೇಡಿ.

10.14

ತಿರುಗಿ ಮಾಡುತ್ತಿದ್ದಾರೆ. ಟೇಬಲ್ ಮೇಲೆ ಫೋನ್ ನಡುಗುತ್ತಿದೆ. ಕಲ್ಯಾಣಿ ಎಂದರೆ ತಟ್ಟನೆ ಗುರುತು ಹಿಡಿದಾರು. ಆದರೆ ಕಲ್ಯಾಣಿಯಲ್ಲಿ ಅರ್ಧ ಅವರೇ. ಅವರ ಹತ್ತಿರ ಅವರದೇ ದನಿಯಲ್ಲಿ ಕ್ಷಮೆ ಕೇಳುವುದು ಹೇಗೆ? ಎತ್ತುತ್ತೇನೆ. ಎತ್ತಿ ನನ್ನ ದನಿಯಲ್ಲೇ ಹೇಳುತ್ತೇನೆ: "ನಾನ್ ಮಾತಾಡುದ್, ಗುಣವತಿ."