ಎರಡು ಬಡಿದರೆ ಹೋಗು

ನವಲಗುಂದ
೨೦-೧೧-೧೯೮೬, ಗುರುವಾರ

ಅಕ್ಕ ಮಲ್ಲಕ್ಕನ ಪಾದಕ್ಕೆ ತಂಗಿ ಗುರವ್ವನ ಶರಣು.

ನಿನ್ನ ಎರಡೂ ಪತ್ರ ಮುಟ್ಟಿದವು. ಉತ್ತರ ತಡವಾಯಿತು, ಸಿಟ್ಟಾಗಬೇಡ. ನಮ್ಮ ಟೆಂಪೋ ದಿನಾ ಎರಡು ಸಲ ತಿರ್ಲಾಪುರಕ್ಕೆ ಬರುತ್ತದೆ, ಕೂತು ಬಂದು ಹೇಳಬಾರದೇ ಎಂದು ಕೇಳುತ್ತೀ. ನಿನ್ನ ಮುಖ ಕಂಡರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಈ ಕಾಗದ.

"ಗೋವಾ ಹ್ಯಾಂಗಿತ್ತ ಬೇ?" ಎಂದು ಬರೆದಿದ್ದೀ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಇವರು ನನ್ನನ್ನು ಎಲ್ಲಿಗಾದರೂ ಕರೆದೊಯ್ದದ್ದು ಇದೇ ಮೊದಲು. ಹುಚ್ಚಿ ನಾನು, ಅಳ್ನಾವರದಲ್ಲಿ ರೈಲು ಹತ್ತುವಾಗ ಮದುಮಗಳ ಹಾಗೆ ನಾಚಿದೆ. ಪಣಜಿಯಲ್ಲಿ ಇವರು ಫಿಯೆಟ್ ಕಾರೊಂದನ್ನು ಬಾಡಿಗೆಗೆ ಹಿಡಿದರು. ಡ್ರೈವರನನ್ನೂ ಕೊಡುತ್ತೇನೆಂದು ಮಾಲಕ ಅಂದರೆ, "ನಾನ ಡ್ರೈವರ ಅದೀನ್ರಿ, ಹದಿನೆಂಟು ವರ್ಷ ಆತು" ಎಂದು ಲೈಸನ್ಸು ತೋರಿಸಿದರು. ಕಾರನ್ನು ದೊಡ್ಡ ದೋಣಿಯ ಮೇಲೇರಿಸಿ ಹೊಳೆ ದಾಟಿ, ದಿವಾರ ಎಂಬ ನಡುಗಡ್ಡೆಗೆ ಇಳಿದೆವು. ಎಲ್ಲಿ ನೋಡಿದರೂ ತೆಂಗು, ಭತ್ತದ ಗದ್ದೆ, ಗುಡ್ಡದ ಮೇಲೊಂದು ಬಿಳಿ ಚರ್ಚು. ಕರಿ ನೆಲ ನೋಡಿ ಬೆಳೆದವಳು ನಾನು, ಬಾಯಿ ಬಿಟ್ಟುಕೊಂಡು ಕೂತಿದ್ದೆ.

"ಅಬ್ದುಲ್‌ಸಾಬನ ಹಂಗ ಮಾಡು, ನೋಡೂಣು" ಎಂದರು ಇವರು. ನಮ್ಮ ಟೆಂಪೋದಲ್ಲಿ ಒಂಬತ್ತು ವರ್ಷ ಕ್ಲೀನರ್ ಆಗಿದ್ದನಲ್ಲ, ಮೊಣಕಾಲು ಹಿಡಿದು ದಸರೆಗೆ ಕುಂದಗೋಳದ ಮಗಳ ಮನೆ ಸೇರಿದ, ಅವನೇ. ಬಾಗಿಲಲ್ಲಿ ನಿಂತು ತಗಡು ಬಡಿಯುತ್ತಿದ್ದ: ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಹೋಗು. ನಾನೂ ಕಿಟಕಿಯಿಂದ ಕೈ ಹಾಕಿ ಬಡಿದು ನಕ್ಕೆ. "ಬಾಜೂಕ ಯಾರರ ಬಂದ್ರ ಒಂದ ಬಡಿ. ಮರೀಬ್ಯಾಡ" ಎಂದರು. ಎರಡು ತಾಸು ಹೀಗೇ ಆಡಿದೆವು, ಅಕ್ಕಾ.

ಆಮೇಲೆ ನಾನು ನೀರಿನ ಕಡೆ ನೋಡುತ್ತ ಮೈಮರೆತೆ. ತೆಂಗಿನ ತೋಟದ ಸಂದಿಯಿಂದ ಸೈಕಲ್ ಮೇಲೆ ಒಬ್ಬ ಹುಡುಗಿ ಬಂದಳು. ನಾನು ಬಡಿಯಲಿಲ್ಲ. ಧಡ್ ಎಂದು ಸಪ್ಪಳವಾಯಿತು, ಹುಡುಗಿ ಗದ್ದೆಯ ಕೆಸರಿಗೆ ಬಿದ್ದಳು. ಇವರು ಕಾರು ನಿಲ್ಲಿಸದೆ, "ಏನ ಬಡೀತಲೇ?" ಎಂದು ನನ್ನನ್ನು ಕೇಳಿದರು! ಕಂಡೇ ಇರಲಿಲ್ಲ ಅವರಿಗೆ. ನಾನು ಚೀರಿದ ಮೇಲೆ ನಿಲ್ಲಿಸಿದರು. ಪುಣ್ಯಕ್ಕೆ ಮೊಣಕೈ ತರಚಿದ್ದು ಬಿಟ್ಟರೆ ಹುಡುಗಿಗೆ ಏನೂ ಆಗಿರಲಿಲ್ಲ. ಕೆಸರು ಒರೆಸಿ, ಸೈಕಲ್ ನೆಟ್ಟಗೆ ಮಾಡಿ, ಮನೆ ಮುಟ್ಟಿಸಿ ಬಂದೆವು.

ಬಂದು ಕೂತ ಮೇಲೆ ಹೇಳಿದರು. "ಎರಡು ವರ್ಷ ಆತು. ಮುಂದಿಂದು ಕಾಣತೈತಿ, ಬಾಜೂಕಿಂದು ಕಾಣೂದಿಲ್ಲ. ಕಣ್ಣಿನ ನರ ಒಣಗ್ಯಾವು, ಚಷ್ಮಾ ಹಾಕಿದ್ರೂ ಉಪಯೋಗಿಲ್ಲ ಅಂದಾರ ಡಾಕ್ಟರು. ಅಬ್ದುಲ್‌ಸಾಬನ ಕೈ ಮ್ಯಾಲ ಗಾಡಿ ಹೊಡೀತಿದ್ದೆ. ಇನ್ನ ನೀನ ಕುಂಡ್ರಬೇಕು."

"ಅದನ್ನ ಹೇಳಾಕ ಇಲ್ಲೀತನಕ ಕರಕೊಂಡು ಬರಬೇಕಿತ್ತೇನ್ರಿ?"

"ನಮ್ಮ ದಾರಿ ನನಗ ಬಾಯಿಪಾಠ ಐತಿ. ಅಲ್ಲಿ ಕಲಸಿದ್ರ ನೀ ಕಲತಿಯೋ ಇಲ್ಲೋ ಗೊತ್ತಾಗೂದಿಲ್ಲ. ಗುರ್ತಿಲ್ಲದ ದಾರಿ ಬೇಕಾಗಿತ್ತು, ಗುರ್ತಿಲ್ಲದ ಮಂದಿ ಬೇಕಾಗಿತ್ತು."

ನನಗೆ ಎಂಥ ಸಿಟ್ಟು ಬಂತು ಗೊತ್ತೇ? ನನ್ನನ್ನು ಖುಷಿಪಡಿಸಲು ಕರೆತಂದಿದ್ದಾರೆಂದು ನಂಬಿದ್ದೆನಲ್ಲ! "ಸುಡುಗಾಡಿಗಿ ಹೋಗ್ಲಿ ನಿಮ್ಮ ಗಾಡಿ, ಮಾರಿಬಿಡ್ರಿ" ಎಂದು ಕೂಗಾಡಿದೆ. "ಮಾರಿ ಏನ ಮಾಡ್ಲಿ? ಕಟ್ಟಿ ಮ್ಯಾಲ ಕುಂತು ಕುರುಡ ಅನಿಸಿಕೊಳ್ಳಲೇನು?" ಎಂದು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತರು. ಹದಿನಾಲ್ಕು ವರ್ಷದಲ್ಲಿ ಅವರು ಅತ್ತದ್ದು ನೋಡಿರಲಿಲ್ಲ. ಹೂಂ ಅಂದೆ. ಅನ್ನಬಾರದಿತ್ತು.

ಸೋಮವಾರದಿಂದ ಮುಂದಿನ ಸೀಟಿನಲ್ಲಿ ಕೂರುತ್ತಿದ್ದೇನೆ. "ಏನ ಗುರವ್ವಾ, ಗಂಡನ್ನ ಕಾಯಾಕ ಕುಂತೀಯೇನ?" ಎಂದು ಸಂತೆಯ ಹೆಂಗಸರು ಚಾಷ್ಟಿ ಮಾಡುತ್ತಾರೆ. ಹಿಂದೆ ಶಾಲೆಯ ಹುಡುಗಿಯರು ಕಿಲಕಿಲ ನಗುತ್ತಾರೆ. ನಾನೂ ನಗುತ್ತೇನೆ. ಮಂಗಳವಾರ ಒಂದು ಎಮ್ಮೆ, ನಿನ್ನೆ ಒಬ್ಬ ಮುದುಕ, ಎರಡೂ ಸಲ ತಡವಾಗಿ ಬಡಿದೆ. ಊರಿಗೆ ಹೇಳಿದರೆ ಇವರು ಜೀವ ಇಟ್ಟುಕೊಳ್ಳುವುದಿಲ್ಲ. ಹೇಳದಿದ್ದರೆ ಯಾರ ಜೀವ ಹೋಗುತ್ತದೋ! ಅತ್ತ ದರಿ, ಇತ್ತ ಪುಲಿ. ಏನು ಮಾಡಲಿ, ಹೇಳು.

ಮಾವನವರಿಗೆ ಶರಣು ಹೇಳು. ಸಣ್ಣವ್ವನ ಕೆಮ್ಮಿಗೆ ಶುಂಠಿ ಕಷಾಯ ಕೊಡು. ನಿನ್ನ ಮಕ್ಕಳು ನೂರು ವರ್ಷ ಬಾಳಲಿ. ಓದಿದ ಕೂಡಲೇ ಈ ಕಾಗದ ಒಲೆಗೆ ಹಾಕು.

ನಿನ್ನ ತಂಗಿ
ಗುರವ್ವ

ತಾ.ಕ.: ನಿನ್ನ ಮಗಳು ರೇವವ್ವನನ್ನು ಈ ಕಾಗದ ಮುಟ್ಟಿದ ದಿನದಿಂದಲೇ ನಮ್ಮ ಟೆಂಪೋದಲ್ಲಿ ಶಾಲೆಗೆ ಕಳಿಸಬೇಡ. ಏನಾದರೂ ನೆವ ಹೇಳು. ತಿರ್ಲಾಪುರದಲ್ಲಿ ದಿನಾ ಹನ್ನೊಂದು ಹುಡುಗಿಯರು ಹತ್ತುತ್ತಾರೆ. ಉಳಿದ ಹತ್ತು ಮಂದಿಯ ತಾಯಂದಿರೂ ನನಗೆ ಗುರ್ತು. ಅವರಿಗೆ ನಾನು ಕಾಗದ ಬರೆದಿಲ್ಲ.